ಕತ್ತರಿಗೆ ಸಿಕ್ಕ ಗುಡ್ಡದ ನಕ್ಷೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆ ದಾವಣಗೆರೆಯ ಆನೆಕೊಂಡದಲ್ಲಿತ್ತು. ಅಪ್ಪ ಸರ್ವೆ ಕಚೇರಿಯಲ್ಲಿ ನಕ್ಷೆ ಬರೆಯುತ್ತಿದ್ದರು. ಅವರ ಟ್ರಂಕಿನಲ್ಲಿ ಚನ್ನಗಿರಿ ಕಡೆಯ ಕಾಡುಗುಡ್ಡಗಳ ಹಳೆಯ ನಕ್ಷೆಯೊಂದಿತ್ತು. ಕಾಡಿಗೆ ಹಸಿರು, ಹಳ್ಳಕ್ಕೆ ನೀಲಿ. ಗುಡ್ಡ ಏರಿದಂತೆಲ್ಲ ಕಂದು ಗೆರೆಗಳು ಹೆಬ್ಬೆರಳಿನ ಗುರುತಿನ ಹಾಗೆ ಸುತ್ತಿಕೊಂಡು ಹೋಗುತ್ತಿದ್ದವು. ನುಸಿಗುಳಿಗೆಯ ವಾಸನೆ ಬರುತ್ತಿದ್ದ ಆ ದಪ್ಪ ಕಾಗದದ ಮೇಲೆ ನನ್ನ ಕಣ್ಣು ಬಿತ್ತು. ಶಾಲೆ ಶುರುವಾದ ವಾರ, ಯಾರಿಗೂ ಹೇಳದೆ ಅದನ್ನು ಕತ್ತರಿಸಿ ನನ್ನ ಪುಸ್ತಕಗಳಿಗೆ ಬೈಂಡು ಹಾಕಿಕೊಂಡೆ. ಗೊತ್ತಾಗದಿರಲಿ ಎಂದು ಬಣ್ಣದ ಮುಖವನ್ನು ಒಳಗೆ ಮಾಡಿದೆ.

ಕೆಲವು ದಿನಗಳ ನಂತರ ಒಂದು ಬೆಳಿಗ್ಗೆ ಆ ಗುಡ್ಡದ ಕಡೆಯ ಊರೊಂದರಿಂದ ಅಜ್ಜ ಒಬ್ಬರು ಅಪ್ಪನನ್ನು ಹುಡುಕಿಕೊಂಡು ಬಂದರು. ಅವರ ಊರಿನವರು ಸಂತೆಗೆ ಹೋಗುವ ಕಾಡುದಾರಿಗೆ ಯಾರೋ ಅಡ್ಡ ಬೇಲಿ ಹಾಕಿದ್ದರು. ಅಲ್ಲಿ ಮೊದಲಿನಿಂದಲೂ ದಾರಿ ಇತ್ತು ಎನ್ನುವುದಕ್ಕೆ ಆ ನಕ್ಷೆಯೇ ಸಾಕ್ಷಿ. ಅದನ್ನು ನೋಡಿ ಬೇಲಿ ತೆಗೆಸಬೇಕಾದ ಸಾಹೇಬರು ಅಂದು ಹರಿಹರಕ್ಕೆ ಬಂದಿದ್ದರು.

ಅಪ್ಪ ಟ್ರಂಕು ತೆಗೆದರೆ ನಕ್ಷೆಯೇ ಇಲ್ಲ. ಚಿತ್ರ ಬರೆಯುವ ಹುಚ್ಚಿದ್ದ ಅಕ್ಕನ ಮೇಲೆ ಅನುಮಾನ ಬಂತು. "ನಾ ಮುಟ್ಟಿಲ್ಲಪ್ಪಾ" ಎಂದು ಅವಳು ಹೇಳುತ್ತಿದ್ದಂತೆಯೇ ಕೆನ್ನೆಗೆ ಏಟು ಬಿತ್ತು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

"ಹೊಡೀಬ್ಯಾಡ್ರಿ. ಇಲ್ಲೇ ಎಲ್ಲೋ ಇರ್ತೈತೆ, ಹುಡುಕ್ರಿ" ಎಂದು ಅಜ್ಜ ಅಕ್ಕನ ತಲೆ ಸವರಿದರು. ನನಗೆ ನೋಡಲಾಗಲಿಲ್ಲ. ಒಳಗೆ ಹೋಗಿ ಪುಸ್ತಕಗಳನ್ನು ತಂದು ಅಪ್ಪನ ಮುಂದಿಟ್ಟೆ.

ಅಪ್ಪ ನನಗೆ ಹೊಡೆಯಲಿಲ್ಲ, ಬೈಯಲೂ ಇಲ್ಲ. ಒಂದೊಂದೇ ಬೈಂಡು ಬಿಚ್ಚಿ, ತುಂಡುಗಳನ್ನು ನೆಲದ ಮೇಲೆ ಜೋಡಿಸಿ, ಮೈದಾ ಅಂಟು ಕಾಯಿಸಿ ಅಂಟಿಸಿದರು. ನನ್ನ ಕತ್ತರಿ ಸರಿಯಾಗಿ ಆ ದಾರಿಯ ಮೇಲೆಯೇ ಓಡಿತ್ತು. ಹರಿಹರಕ್ಕೆ ನನ್ನನ್ನೂ ಕರೆದೊಯ್ದರು. ಸಾಹೇಬರು ನಕ್ಷೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ದಾರಿ ಇರೋ ಜಾಗಾನೇ ಕಾಣಲ್ವಲ್ರೀ. ಬೇರೆ ಪ್ರತಿ ತರ್ರಿ" ಎಂದು ವಾಪಸು ಕೊಟ್ಟರು.

ಬಸ್ ಸ್ಟ್ಯಾಂಡಿನಲ್ಲಿ ಅಜ್ಜ ನನಗೆ ಮಂಡಕ್ಕಿ ಮಿರ್ಚಿ ಕೊಡಿಸಿ, "ತಿನ್ನವ್ವ, ಅಳಬ್ಯಾಡ. ಸಣ್ಣಾಕಿ ನೀನು" ಎಂದರು. ಬೇರೆ ಪ್ರತಿ ಸಿಕ್ಕಿ ಬೇಲಿ ತೆಗೆಸುವ ಹೊತ್ತಿಗೆ ಮಳೆಗಾಲ ಮುಗಿದಿತ್ತು. ಅಲ್ಲಿಯವರೆಗೂ ಆ ಊರಿನವರು ತಲೆಮೇಲೆ ಹೊರೆ ಹೊತ್ತು, ಕೆಸರಿನಲ್ಲಿ ಗುಡ್ಡ ಬಳಸಿಕೊಂಡು ನಡೆದರು.

ಮಕ್ಕಳೇ, ಈಗ ನೀವು ಅದೇ ಗುಡ್ಡವನ್ನು ಫೋನಿನಲ್ಲಿ ಎರಡು ಬೆರಳಿನಿಂದ ಹಿಗ್ಗಿಸಿ ನೋಡುತ್ತೀರಿ. ಎಷ್ಟು ಎಳೆದಾಡಿದರೂ ಅದು ಹರಿಯುವುದಿಲ್ಲ. ನಮ್ಮ ಕಾಲದಲ್ಲಿ ಒಂದು ಊರಿನ ದಾರಿ ಒಂದೆರಡು ಹಾಳೆಗಳ ಮೇಲಷ್ಟೇ ಉಳಿದಿರುತ್ತಿತ್ತು. ಅದು ನನಗೆ ತಿಳಿದಿರಲಿಲ್ಲ. ತಿಳಿಯದೆ ಕತ್ತರಿಸಿದೆ. ಆದರೆ ಅಕ್ಕ ಏಟು ತಿನ್ನುವಾಗ ಸುಮ್ಮನೆ ನಿಂತದ್ದು ತಿಳಿದೇ. ಇಷ್ಟು ವರ್ಷವಾದರೂ ಅವಳ ಎದುರು ಆ ಮಾತೆತ್ತಲು ನನಗೆ ಮುಖವಿಲ್ಲ.