ಸುಣ್ಣದ ಹಿಂದಿನ ಕಿಟಕಿ

ಹೆಣ್ಣು ನೋಡಲು ಬಂದ ದಿನವೇ ದುರುಗಣ್ಣ ಹೇಳಿದ್ದ: "ಸ್ವಂತ ಮನೆ ಐತೆ, ನಮ್ಮಪ್ಪ ಕಟ್ಟಿಸಿದ್ದು." ಹರಿಹರದಲ್ಲಿ ಒಂದು ಬಾಡಿಗೆ ಕೋಣೆಯಿಂದ ಇನ್ನೊಂದಕ್ಕೆ ಪಾತ್ರೆ ಪಡಗ ಹೊತ್ತು ಬೆಳೆದ ಊರಮ್ಮನಿಗೆ ಅಷ್ಟು ಮಾತು ಸಾಕಾಗಿತ್ತು. ಬೇರೆ ಸಂಬಂಧ ಬಿಟ್ಟು ಇವನನ್ನೇ ಒಪ್ಪಿದಳು.

ಮನೆ ಇದ್ದುದು ದಾವಣಗೆರೆಯತ್ತ ಹೋಗುವ ಹಳೇ ರೈಲು ದಾರಿಯ ಪಕ್ಕ. ಹೊಸ ಮಾರ್ಗ ಆಚೆ ಆಗಿ, ಇಲ್ಲಿಯ ಹಳಿ ಕಿತ್ತು ಎಷ್ಟೋ ಕಾಲವಾಗಿತ್ತು; ಉಳಿದದ್ದು ಜಾಲಿ ಬೆಳೆದ ಏರಿ ಮಾತ್ರ. ಊರಮ್ಮ ಆ ಏರಿಯ ಮೇಲೇ ನಡೆದು, ಬಸ್ಸು ಹಿಡಿದು, ದಾವಣಗೆರೆ ಪಕ್ಕದ ಕರೂರಿನ ಅಕ್ಕಿ ಗಿರಣಿಗೆ ಚೀಲ ಹೊಲಿಯಲು ಹೋಗುತ್ತಿದ್ದಳು. ಜೊತೆಯವರು ಬಾಡಿಗೆ ಮನೆಯ ಗೋಳು ತೆಗೆದರೆ, "ನಮಗೆ ಆ ಕಾಟ ಇಲ್ಲವ್ವ, ನಮ್ಮ ಮಾವ ಪುಣ್ಯಾತ್ಮ" ಎನ್ನುತ್ತಿದ್ದಳು.

ಹೋದ ಬೇಸಿಗೆಯಲ್ಲಿ ಅಳತೆಯವರು ಬಂದರು. ಹಳೇ ದಾರಿಯಲ್ಲಿ ಲಘು ರೈಲು, ಅಂದರೆ ಪುಟ್ಟ ಡಬ್ಬಿಗಳ ರೈಲು, ಓಡಿಸುವ ಯೋಜನೆಯಂತೆ. ಬಿಂದು ಎಂಬ ಎಂಜಿನಿಯರ್ ಹುಡುಗಿ ಮನೆಗೆ ಒಂದು ಸುತ್ತು ಹಾಕಿ, ಅಡುಗೆಮನೆಯ ಗೋಡೆ ತಟ್ಟಿ ನೋಡಿ, "ಇಲ್ಲಿ ಸುಣ್ಣ ಸ್ವಲ್ಪ ಕೆರೀಬಹುದಾ ಅಮ್ಮಾ?" ಎಂದಳು. ಊರಮ್ಮನೇ ಕುಡುಗೋಲು ತಂದುಕೊಟ್ಟಳು.

ಸುಣ್ಣ ಪದರು ಪದರಾಗಿ ಉದುರಿತು. ಒಳಗೆ ಇಟ್ಟಿಗೆಯಿಂದ ಮುಚ್ಚಿದ ಪುಟ್ಟ ಕಿಟಕಿ. ಅದರ ಮೇಲೆ ಕಪ್ಪು ಬಣ್ಣದಲ್ಲಿ 'ಟಿಕೆಟ್'.

"ಹಳೇ ಸ್ಟೇಷನ್ ಇದು," ಎಂದಳು ಬಿಂದು. "ಹೊಸ ಸ್ಟೇಷನ್ನೂ ಇದೇ ಜಾಗದಲ್ಲಿ ಬರುತ್ತೆ."

ಒಲೆಯ ಮೇಲೆ ಅನ್ನ ಸೀಯುತ್ತಿದ್ದರೂ ಊರಮ್ಮನ ಮೂಗಿಗೆ ತಿಳಿಯಲಿಲ್ಲ. ಇಷ್ಟು ವರ್ಷ ಯಾರದೋ ನೆಲವನ್ನು ತನ್ನದೆಂದು ಸಾರಿಸಿದ್ದಳು. ಬಾಡಿಗೆಯವರಿಗಿಂತಲೂ ಕಡೆಯಾದೆನಲ್ಲ ಎನಿಸಿತು. ಬಾಗಿಲಲ್ಲಿ ನಿಂತಿದ್ದ ಗಂಡನತ್ತ ತಿರುಗಿದಳು. ಅವನ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ. ಅವಳ ಎದೆಗೆ ಬಡಿದದ್ದು ಅದು.

"ಗೊತ್ತಿತ್ತೇನ್ರಿ ನಿಮಗೆ?"

"ರೈಲು ನಿಂತ ಮೇಲೆ ಅಪ್ಪ ನಮ್ಮನ್ನ ಇಲ್ಲಿ ತಂದಿಟ್ಟ. ಯಾರೂ ಎದ್ದು ಹೋಗು ಅನ್ನಲಿಲ್ಲ. ಆ ಕಿಟಕಿಗೆ ಇಟ್ಟಿಗೆ ಹೊತ್ತುಕೊಟ್ಟೋನು ನಾನೇ."

"ಹೆಣ್ಣು ನೋಡಾಕ ಬಂದಾಗ ಹೇಳಬೇಕಿತ್ತು."

"ಹೇಳಿದ್ರೆ ನೀ ಬರ್ತಿದ್ದೇನು?"

ಬರುತ್ತಿರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅಲ್ಲಿಗೆ ಮಾತು ನಿಂತಿತು. ಊಟಕ್ಕೆ ಬರ್ರಿ ಎನ್ನುವುದನ್ನೂ ಬಿಟ್ಟಳು. ತಟ್ಟೆ ಇಟ್ಟು ಹೊರಗೆ ಹೋಗಿ ಏರಿಯ ಮೇಲೆ ಕೂರುತ್ತಿದ್ದಳು.

ಮುಂದೆ ಹರಿಹರದಲ್ಲಿ ಸಭೆ ಕರೆದರು. ಮನೆ ಕಳೆದುಕೊಳ್ಳುವವರು ಒಬ್ಬೊಬ್ಬರಾಗಿ ಮಾತಾಡಬೇಕು. ದುರುಗಣ್ಣ ಎದ್ದು, "ನಮ್ಮಪ್ಪ ಕಟ್ಟಿಸಿದ ಮನೆ…" ಎಂದು ಶುರುಮಾಡಿದ. ಊರಮ್ಮ ತೋಳು ಹಿಡಿದು ಅವನನ್ನು ಕೂರಿಸಿದಳು.

"ಸುಳ್ಳು ಅದು. ಮನೆ ರೈಲ್ವೆದು, ನನಗೂ ಮೊನ್ನೆ ಗೊತ್ತಾತು. ಆದ್ರೆ ನಾನು ಗೊತ್ತಿದ್ದು ಬಂದೋಳಲ್ಲ. ಮಕ್ಕಳನ್ನ ಅಲ್ಲೇ ಹೆತ್ತೀನಿ, ಅತ್ತೆ ಮಾವ ಅಲ್ಲೇ ತೀರ್ಕೊಂಡ್ರು. ಸ್ಟೇಷನ್ ಕಟ್ರಿ, ಬ್ಯಾಡ ಅನ್ನಲ್ಲ. ನಮ್ಮನ್ನ ಎಲ್ಲಿ ಇಡ್ತೀರಿ, ಅದನ್ನ ಹೇಳ್ರಿ."

ಅಧಿಕಾರಿ ಸ್ವಲ್ಪ ಹೊತ್ತು ಪಕ್ಕದವರೊಡನೆ ಪಿಸುಗುಟ್ಟಿ, ಬದಲಿ ಮನೆ ಕೊಡುವಾಗ ಇವರನ್ನೂ ಸೇರಿಸುವುದಾಗಿ ಹೇಳಿದರು. ಯಾರ ಹೆಸರಿಗೆ ಎಂದು ಕೇಳಿದರು.

"ನನ್ನ ಹೆಸರಿಗೆ," ಎಂದಳು ಊರಮ್ಮ.

ದುರುಗಣ್ಣ ತಲೆ ಎತ್ತಲಿಲ್ಲ. ಬಸ್ಸಿಗೆ ಕಾಯುವಾಗ ಮೆಲ್ಲಗೆ, "ಅಷ್ಟು ಮಂದಿ ಮುಂದೆ ಹಂಗ ಅಂದ್ಬಿಟ್ಟೆಲ್ಲ," ಎಂದ.

"ನನಗೊಬ್ಬಳಿಗೆ ಹೇಳಿದ್ರೆ, ಮಂದಿ ಮುಂದೆ ಹೇಳೋ ಕಾಲ ಬರ್ತಿರಲಿಲ್ಲ. ಹತ್ರಿ, ಬಸ್ಸು ಬಂತು," ಎಂದಳು. ಸುಣ್ಣ ಉದುರಿದ ದಿನದ ಬಳಿಕ ಅವಳು ಅವನೊಡನೆ ಆಡಿದ ಮೊದಲ ಮಾತು ಅದು.