ಮನೆಯಲ್ಲಿ ಹೇಳದ ಸಾಕ್ಷಿ

ಕೊರೊನಾ ತಗ್ಗಿ ಜನ ಮತ್ತೆ ಒಂದೆಡೆ ಕೂಡಲು ಧೈರ್ಯ ಮಾಡಿದ ೨೦೨೨ರಲ್ಲಿ ನಾನು ಬನಹಟ್ಟಿಯ ಒಂದು ಸಣ್ಣ ಕ್ರೈಸ್ತ ಸಭೆಗೆ ಪಾಸ್ಟರ್ ಆಗಿದ್ದೆ. ಸಭೆ ಎಂದರೆ ಗೋಪುರ, ಗಂಟೆ ಇರುವ ಚರ್ಚ್ ಅಲ್ಲ. ಮಗ್ಗ ನಿಂತುಹೋಗಿದ್ದ ಒಂದು ಪವರ್‌ಲೂಮ್ ಶೆಡ್ ಬಾಡಿಗೆಗೆ ಹಿಡಿದಿದ್ದೆವು. ಪಕ್ಕದ ಶೆಡ್ಡಿನಲ್ಲಿ ರವಿವಾರವೂ ಮಗ್ಗ ನಡೆಯುತ್ತಿದ್ದುದರಿಂದ ನಾನು ಪ್ರಸಂಗವನ್ನು, ಅಂದರೆ ಪ್ರವಚನವನ್ನು, ಕೂಗಿಯೇ ಹೇಳಬೇಕಾಗುತ್ತಿತ್ತು. ಅದೇ ಚಟವಾಗಿ ಮನೆಯಲ್ಲೂ ಕೂಗಿ ಮಾತಾಡುತ್ತೇನೆಂದು ಹೆಂಡತಿ ಸುಶೀಲಾ ಈಗಲೂ ಕಾಡಿಸುತ್ತಾಳೆ.

ಆ ಬೇಸಿಗೆಯಲ್ಲಿ ಮಹಾದೇವಿ ಎಂಬ ಹೆಣ್ಣುಮಗಳು ತನ್ನ ಗಂಡ ಸಂಗಪ್ಪನನ್ನು ಕರೆದುಕೊಂಡು ಬಂದಳು. ಇಬ್ಬರ ಹೆಸರನ್ನೂ ಇಲ್ಲಿ ಬದಲಿಸಿದ್ದೇನೆ. ಅವನು ಪವರ್‌ಲೂಮ್ ಕೆಲಸಗಾರ, ಸೀರೆ ನೇಯುವುದರಲ್ಲಿ ಒಳ್ಳೆಯ ಕೈ. ಆದರೆ ಬೆಳಿಗ್ಗೆ ಕುಡಿಯದೆ ಆ ಕೈ ನಿಲ್ಲುತ್ತಿರಲಿಲ್ಲ. ಮಹಾದೇವಿ ಮನೆಯಲ್ಲಿ ಕುಳಿತು ಕಂಡಿಕೆ ಎಂಬ ಸಣ್ಣ ಕೊಳವೆಗೆ ನೂಲು ಸುತ್ತಿ ಸಂಸಾರ ನಡೆಸುತ್ತಿದ್ದಳು. ಕುಡಿತ ಬಿಡಿಸಲು ಹರಕೆ ಹೊತ್ತಾಗಿತ್ತು, ಯಾರೋ ಕೊಟ್ಟ ಪುಡಿಯನ್ನು ಚಹಾದಲ್ಲಿ ಬೆರೆಸಿ ಕುಡಿಸಿಯೂ ಆಗಿತ್ತು. ಹಣೆಯ ವಿಭೂತಿ ಒರೆಸದೆಯೇ ನಮ್ಮಲ್ಲಿಗೆ ಬಂದಿದ್ದಳು. ಒರೆಸು ಎಂದು ನಾನೂ ಹೇಳಲಿಲ್ಲ.

"ಯಾವ ದೇವರಾದ್ರೂ ನಡೀತೈತ್ರಿ ಪಾಸ್ಟರ್. ಇವರು ಬಿಟ್ರ ಆತು" ಅಂದಳು.

ನಾನು ಅವನ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದೆ. ಜಮಖಂಡಿಯ ಡಾಕ್ಟರ ಬಳಿಗೂ ಕರೆದೊಯ್ದೆ. ವರ್ಷಾನುಗಟ್ಟಲೆ ಕುಡಿದವರು ಒಮ್ಮೆಲೇ ಬಿಟ್ಟರೆ ಮೈ ನಡುಗುತ್ತದೆ, ಇಲ್ಲದ್ದು ಕಾಣಿಸುತ್ತದೆ, ಜೀವಕ್ಕೇ ಅಪಾಯವಾಗಬಹುದು. ಇದಕ್ಕೆ ವಿತ್‌ಡ್ರಾವಲ್ ಎನ್ನುತ್ತಾರೆ. ಬರೀ ಪ್ರಾರ್ಥನೆ ಸಾಕು, ಗುಳಿಗೆ ಬೇಡ ಎನ್ನುವ ಪಾಸ್ಟರುಗಳ ಜೊತೆ ನಾನು ಮೊದಲಿನಿಂದ ಜಗಳವಾಡಿದವನು. ಗುಳಿಗೆ ನಡೆಯಿತು, ಪ್ರಾರ್ಥನೆಯೂ ನಡೆಯಿತು. ಮಳೆಗಾಲದ ಹೊತ್ತಿಗೆ ಸಂಗಪ್ಪ ಹೊಸ ಮನುಷ್ಯನಾದ. ಯಾವುದರಿಂದ ಗುಣವಾಯಿತು ಎಂದು ಕೇಳಿದರೆ ದೇವರಿಂದ ಎಂದೇ ಇವತ್ತಿಗೂ ಹೇಳುತ್ತೇನೆ. ಡಾಕ್ಟರೂ ದೇವರು ಕಳಿಸಿದವರೇ.

ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವ ಪದ್ಧತಿಯಿದೆ. ದೇವರು ತನಗೆ ಮಾಡಿದ ಉಪಕಾರವನ್ನು ಒಬ್ಬನು ಎಲ್ಲರೆದುರು ನಿಂತು ಹೇಳುವುದೇ ಸಾಕ್ಷಿ. ಒಳ್ಳೆಯ ಪದ್ಧತಿಯೇ. ಆದರೆ ಹಿಂದಿನ ಪಾಪ ದೊಡ್ಡದಾದಷ್ಟೂ ಜನರ ಹಲ್ಲೆಲೂಯ ಕೂಗು ದೊಡ್ಡದಾಗುತ್ತದೆ ಎಂಬುದನ್ನು ಪಾಸ್ಟರುಗಳಾದ ನಾವು ಬೇಗ ಕಲಿಯುತ್ತೇವೆ. ಸಂಗಪ್ಪ ಮೊದಲ ಸಲ ನಾಚಿಕೊಂಡು ಎರಡು ಮಾತು ಹೇಳಿ ಕುಳಿತ. ಮುಂದಿನ ವಾರ ನಾನೇ ಹುರಿದುಂಬಿಸಿದೆ. ಅದರ ಮುಂದಿನ ವಾರ, ಅವನು ಏಕಾಂತದಲ್ಲಿ ನನ್ನೊಬ್ಬನಿಗೇ ಅತ್ತು ಹೇಳಿಕೊಂಡಿದ್ದನ್ನು ನೆನಪು ಮಾಡಿಕೊಟ್ಟೆ. "ಲಾಳಿ ಸಂಗತಿ ಹೇಳಪಾ ಸಂಗಪ್ಪ" ಎಂದೆ.

ಲಾಳಿ ಎಂದರೆ ಮಗ್ಗದಲ್ಲಿ ಅಡ್ಡ ನೂಲನ್ನು ಅತ್ತಿಂದಿತ್ತ ಒಯ್ಯುವ ಮರದ ತುಂಡು. ಅದರ ಎರಡೂ ತುದಿಗೆ ಕಬ್ಬಿಣದ ಮೊನೆ. ಕುಡಿದ ಅಮಲಿನಲ್ಲಿ ಅವನು ಅದನ್ನು ಹೆಂಡತಿಯ ಮೇಲೆ ಎಸೆದಿದ್ದ. ಹುಬ್ಬಿನ ಮೇಲೆ ಗಾಯವಾಗಿತ್ತು. ಸ್ವಲ್ಪದರಲ್ಲಿ ಕಣ್ಣು ಉಳಿದಿತ್ತು. ಅವನು ಇದನ್ನು ಹೇಳುತ್ತಿದ್ದಂತೆ ಕುಳಿತವರೆಲ್ಲ ಹೆಂಗಸರ ಸಾಲಿನತ್ತ ತಿರುಗಿ ಮಹಾದೇವಿಯ ಹುಬ್ಬನ್ನು ಹುಡುಕಿದರು. ಅವಳು ಸೆರಗು ಮುಂದಕ್ಕೆ ಎಳೆದುಕೊಂಡಳು. ಭಕ್ತಿಯಿಂದ ಅಳುತ್ತಿದ್ದಾಳೆ ಎಂದುಕೊಂಡೆ ನಾನು. ನನ್ನಂಥ ಕುರುಡ ಇನ್ನೊಬ್ಬನಿರಲಿಕ್ಕಿಲ್ಲ.

ಆಮೇಲೆ ವಾರವಾರವೂ ಲಾಳಿಯ ಸಾಕ್ಷಿ. ಮಹಾದೇವಿ ಬರುವುದನ್ನು ಕಡಿಮೆ ಮಾಡಿದಳು. ಅವಳ ನಂಬಿಕೆ ಇನ್ನೂ ಗಟ್ಟಿಯಾಗಿಲ್ಲ ಎಂದು ನಾನೇ ತೀರ್ಮಾನಿಸಿ ಅದಕ್ಕೂ ಒಂದು ಪ್ರಾರ್ಥನೆ ಮಾಡಿದೆ. ದೀಪಾವಳಿ ಕಳೆದ ಮೇಲೆ ಜಮಖಂಡಿಯಲ್ಲಿ ಸುತ್ತಲಿನ ಸಭೆಗಳೆಲ್ಲ ಸೇರಿ ದೊಡ್ಡ ಕೂಟ ನಡೆಸಿದವು. ಮುಧೋಳ, ಬೀಳಗಿ ಕಡೆಯವರೂ ಬಂದಿದ್ದರು. ನಾನು ಸಂಗಪ್ಪನನ್ನು ವೇದಿಕೆ ಹತ್ತಿಸಿದೆ. ನನ್ನ ಸಭೆಯ ಫಸಲು ನೋಡಿರಿ ಎಂಬ ಹೆಮ್ಮೆಯಿತ್ತು. ಯಾರೋ ಅದನ್ನು ಮೊಬೈಲಿನಲ್ಲಿ ಹಿಡಿದು ವಾಟ್ಸಾಪಿಗೆ ಬಿಟ್ಟರು. ಅದು ಮಹಾದೇವಿಯ ತವರೂರಾದ ರನ್ನ ಬೆಳಗಲಿಗೆ, ಅವಳ ಅಣ್ಣ ಈರಪ್ಪನ ಫೋನಿಗೂ ಹೋಯಿತು.

ಈರಪ್ಪ ಮರುದಿನವೇ ಬಂದು ತಂಗಿಯನ್ನು ಕರೆದುಕೊಂಡು ಹೋದ. ಗಂಡ ಕುಡಿದು ಬೀಳುತ್ತಿದ್ದಾಗ ಮನೆ ಬಿಡದವಳು ಅವನು ಕುಡಿತ ಬಿಟ್ಟ ಮೇಲೆ ಮನೆ ಬಿಟ್ಟಳು. ಸಂಗಪ್ಪ ನನ್ನ ಬಾಗಿಲಿಗೆ ಬಂದು ಕುಳಿತ. "ಅಕಿ ಬರಲಿಲ್ಲಂದ್ರ ನಾ ಮತ್ತ ದಾರೂ ಅಂಗಡಿ ಹತ್ತತೇನ್ರಿ. ನನ್ನ ಮ್ಯಾಲ ನನಗs ಭರೋಸಾ ಇಲ್ಲ" ಅಂದ.

ಇಬ್ಬರೂ ಬಸ್ಸಿನಲ್ಲಿ ಮಹಾಲಿಂಗಪುರದ ಮೇಲೆ ಹಾದು ಬೆಳಗಲಿಗೆ ಹೋದೆವು. ಕ್ಷಮೆಯ ಬಗ್ಗೆ ಬೈಬಲಿನ ನಾಲ್ಕಾರು ವಚನ ಹುಡುಕಿಟ್ಟುಕೊಂಡಿದ್ದೆ. ಈರಪ್ಪ ಬೈಯುತ್ತಾನೆಂದುಕೊಂಡಿದ್ದರೆ ಅವನು ಕಂಬಳಿ ಹಾಸಿ ಕೂಡ್ರಿಸಿದ.

"ಗಾಯಾ ನೋಡಿ ಕೇಳಿದ್ರ ಬಚ್ಚಲದಾಗ ಜಾರಿ ಬಿದ್ದೆ ಅಂದಿದ್ಲ್ರಿ ಪಾಸ್ಟರ್. ನಾನs ಹೋಗಿ ಅಕಿ ಬಚ್ಚಲಕ ಒರಟ ಫರಸಿಕಲ್ಲ ಹಾಕ್ಸಿ ಬಂದೇನ್ರಿ. ಇವನ ಕೈಲೆ ಊಟಾ ಹಾಕಿಸ್ಕೊಂಡು ಬಂದೇನ್ರಿ" ಎಂದು ತಲೆ ತಗ್ಗಿಸಿದ. ತಂಗಿಗೆ ಏಟು ಬಿದ್ದದ್ದು ತನಗೆ ತಿಳಿಯಲಿಲ್ಲವಲ್ಲ ಎಂದು ಅವನಿಗೆ ನಾಚಿಕೆ. ಅಣ್ಣನೆದುರು ಸುಳ್ಳು ಬಯಲಾಯಿತಲ್ಲ ಎಂದು ಅವಳಿಗೆ ನಾಚಿಕೆ. ತವರಿನವರ ಮುಂದೆ ಗಂಡನ ಮರ್ಯಾದೆ ಕಾಯಲು ಅವಳು ಅಷ್ಟು ವರ್ಷ ಹಿಡಿದಿಟ್ಟ ಒಂದೇ ಒಂದು ಸುಳ್ಳನ್ನು ನಾವು ಮೈಕ್ ಹಚ್ಚಿ ಒಡೆದಿದ್ದೆವು.

ನಾನು ವಚನ ತೆಗೆಯುವ ಮೊದಲೇ ಮಹಾದೇವಿ ಒಳಬಾಗಿಲಲ್ಲಿ ನಿಂತು ಮಾತಾಡಿದಳು. ದನಿ ಏರಿಸಲಿಲ್ಲ.

"ಇವರು ದೇವರ ಮುಂದ ತಪ್ಪ ಒಪ್ಪಕೊಂಡ್ರು. ನಿಮ್ಮ ಮುಂದ ಒಪ್ಪಕೊಂಡ್ರು. ಜಮಖಂಡ್ಯಾಗ ಅಷ್ಟ ಮಂದಿ ಮುಂದ ಒಪ್ಪಕೊಂಡ್ರು. ನನ್ನ ಮುಂದ ಒಮ್ಮಿನೂ ತಪ್ಪಾತು ಅಂದಿಲ್ರಿ. ಲಾಳಿ ಬಡದಿದ್ದು ನನಗಲ್ರಿ?"

ನಾನು ಸಂಗಪ್ಪನ ಮುಖ ನೋಡಿದೆ. ಕೂಟದಲ್ಲಿ ಮೈಕ್ ಹಿಡಿದು ಗಡಗಡ ಮಾತಾಡಿದ್ದವನು ಕಂಬಳಿಯ ಅಂಚು ನೋಡುತ್ತ ಕುಳಿತಿದ್ದ. 'ತಪ್ಪಾತು' ಎಂಬ ಮಾತನ್ನು ಅವನಿಗೆ ಕಲಿಸಬೇಕಾದವನು ನಾನು. ದೇವರ ಕ್ಷಮೆ ಸಿಕ್ಕಿತು ಎಂದು ಅವನ ಬೆನ್ನು ತಟ್ಟಿದ್ದೆನೇ ಹೊರತು ಹೆಂಡತಿಯ ಬಳಿ ಕೇಳಿದೆಯಾ ಎಂದು ಒಂದು ದಿನ ವಿಚಾರಿಸಿರಲಿಲ್ಲ. ಬೈಬಲ್ ಚೀಲದೊಳಗೇ ಉಳಿಯಿತು. ಈರಪ್ಪ ನನ್ನ ಮುಜುಗರ ಕಂಡು ಹೊರಗಿನ ಕಟ್ಟೆಗೆ ಕರೆದುಕೊಂಡು ಹೋದ. ಸಂಗಪ್ಪ ಒಳಗೇ ಉಳಿದ. ಆ ದಿನ ನಾನು ಒಬ್ಬನೇ ಬನಹಟ್ಟಿಗೆ ಮರಳಿದೆ.

ಮುಂದಿನ ರವಿವಾರ ನಾನು ಸಭೆಯೆದುರು ನನ್ನ ತಪ್ಪು ಒಪ್ಪಿಕೊಂಡೆ. ಒಬ್ಬ ಹೆಣ್ಣುಮಗಳ ನೋವನ್ನು ಪ್ರದರ್ಶನಕ್ಕಿಟ್ಟೆ ಎಂದು ಅಳುತ್ತ ಹೇಳಿದೆ. ಜನ ಕಣ್ಣೊರೆಸಿಕೊಂಡರು. ತನ್ನನ್ನು ಇಷ್ಟು ತಗ್ಗಿಸಿಕೊಂಡ ಪಾಸ್ಟರನ್ನು ಕಂಡಿಲ್ಲ ಎಂದು ಹಿರಿಯರೊಬ್ಬರು ಕೈ ಹಿಡಿದರು. ಹಗುರಾಗಿ ಮನೆಗೆ ಬಂದು ಊಟಕ್ಕೆ ಕುಳಿತೆ. ಸುಶೀಲಾ ರೊಟ್ಟಿ ಹಾಕುತ್ತ ಕೇಳಿದಳು.

"ಛಲೋ ಹೇಳಿದ್ರಿ. ಮಹಾದೇವಿ ಮುಂದ ಹೇಳಿದ್ರೇನು?"

ಸಂಗಪ್ಪನಿಗೆ ಕುಡಿತದ ನೆವವಾದರೂ ಇತ್ತು. ನನಗೆ ಏನಿತ್ತು? ಬುದ್ಧಿ ಕಲಿತೆ ಎಂದು ಅಳುತ್ತಲೇ ಅದೇ ತಪ್ಪನ್ನು, ಅದೇ ಶೆಡ್ಡಿನಲ್ಲಿ, ಮತ್ತೆ ಮಾಡಿ ಬಂದಿದ್ದೆ. ಇಷ್ಟು ವರ್ಷದ ಸೇವೆಯಲ್ಲಿ ಅಂಥ ನಾಚಿಕೆ ನನಗೆ ಹಿಂದೆಂದೂ ಆಗಿರಲಿಲ್ಲ.

ಸಂಗಪ್ಪ ಬೆಳಗಲಿಯಲ್ಲೇ ಈರಪ್ಪನ ಜೊತೆ ಕೆಲ ದಿನ ಕಬ್ಬು ಕಡಿದ. ಕ್ರಿಸ್ಮಸ್ಸಿಗೆ ಮೊದಲು ಗಂಡ ಹೆಂಡತಿ ಕೂಡಿ ಬನಹಟ್ಟಿಗೆ ಬಂದರು. ಅವನು ಅವಳಿಗೆ ಏನು ಹೇಳಿದನೋ ನನಗೆ ಗೊತ್ತಿಲ್ಲ, ಕೇಳಲೂ ಇಲ್ಲ. ಅವನು ಇವತ್ತಿಗೂ ಕುಡಿದಿಲ್ಲ. ಸಾಕ್ಷಿ ಹೇಳು ಎಂದು ಯಾರಾದರೂ ಒತ್ತಾಯಿಸಿದರೆ, "ಮನ್ಯಾಗ ಹೇಳೇನ್ರಿ, ಆತು" ಎಂದು ಸುಮ್ಮನಾಗುತ್ತಾನೆ.

ಅವರು ಬಂದ ಮೇಲೂ ನಾನು ಎರಡು ಸಲ ಅವರ ಓಣಿಯ ತನಕ ಹೋಗಿ ಹಿಂದಿರುಗಿದೆ. ಸಾಲು ಸಾಲು ಜನರೆದುರು ಹೇಳುವುದು ಸುಲಭ, ಒಬ್ಬರೆದುರು ಹೇಳುವುದು ಕಷ್ಟ. ಮೂರನೆಯ ಸಲ ಒಳಗೆ ಹೋದೆ. ಮಹಾದೇವಿ ಕಂಡಿಕೆ ಸುತ್ತುತ್ತಿದ್ದಳು. "ತಪ್ಪಾತು ತಂಗಿ" ಎಂದೆ.

ಅವಳು ರಾಟಿ ನಿಲ್ಲಿಸಿ ನನ್ನನ್ನು ನೋಡಿದಳು. "ಆತು ಬಿಡ್ರಿ. ಚಾ ಮಾಡತೇನಿ, ಕೂಡ್ರಿ" ಅಂದಳು. ಒಳಗೆ ಹೋದವಳು ತಿರುಗಿ ನಿಂತು, "ಇದನ್ನ ಮತ್ತ ರವಿವಾರ ಹೇಳಾಕ ಹೋಗಬ್ಯಾಡ್ರಿ" ಅಂದಳು.

ಹೇಳಲಿಲ್ಲ. ಆಮೇಲೆ ಯಾರೇ ಸಾಕ್ಷಿಗೆ ಎದ್ದರೂ, ನೊಂದವರಿಗೆ ಮೊದಲು ಹೇಳಿ ಬಂದೆಯಾ ಎಂದು ಬದಿಗೆ ಕರೆದು ಕೇಳುತ್ತೇನೆ. ಅರ್ಧ ಜನ ಅಲ್ಲಿಂದಲೇ ಮನೆಗೆ ಹೋಗುತ್ತಾರೆ. ದೇವರ ಕ್ಷಮೆಯನ್ನು ನೊಂದವರ ಮನೆ ಬಾಗಿಲು ತಪ್ಪಿಸಿಕೊಳ್ಳುವ ಅಡ್ಡದಾರಿಯನ್ನಾಗಿ ಮಾಡಿಕೊಡಬಾರದು ಎಂಬುದನ್ನು ಈ ವೃತ್ತಿ ನನಗೆ ತಡವಾಗಿ ಕಲಿಸಿತು.

ಇದನ್ನು ಬರೆಯುವ ಮುನ್ನ ಅಪ್ಪಣೆ ಕೇಳಲು ಮಹಾದೇವಿಯ ಮನೆಗೆ ಹೋಗಿದ್ದೆ. ಈ ಸಲ ಕೇಳಿಯೇ ಮುಂದಿನ ಮಾತು. ಅವಳು ರಾಟಿ ತಿರುಗಿಸುತ್ತಲೇ ಹೇಳಿದಳು.

"ಬರೀರಿ. ಆದ್ರ ನಮ್ಮವರ ತಪ್ಪು ಅಷ್ಟs ಬರದು, ನಿಮ್ಮದು ಬಿಡಬ್ಯಾಡ್ರಿ."