ತಿರುಗಿ ಕೊಟ್ಟ ಬನ್ನಿ

ಇದನ್ನು ಹೇಳದೆ ಮುಂದೂಡುತ್ತಲೇ ಬಂದೆ. ಹೇಳಲು ಕುಳಿತಾಗಲೆಲ್ಲ ಏನಾದರೂ ಕೆಲಸ ನೆನಪಾಗುತ್ತಿತ್ತು.

ಗಂಡ ತೀರಿದ ಮೇಲೆ ಅಕ್ಕ ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸಿ ತನ್ನ ಹೊಟ್ಟೆ ತಾನೇ ಹೊರೆದವಳು. ಲಕ್ವಾ ಹೊಡೆದು ಬಲಗೈ ಬಿದ್ದುಹೋದಾಗ ಮೇಡ್ಲೇರಿಯ ನಮ್ಮ ಮನೆಗೆ ಕರೆತಂದೆ. ಕರೆತಂದವನು ನಾನು; ಮೈ ತೊಳೆದು, ಬಟ್ಟೆ ಬದಲಿಸಿ, ತುತ್ತು ಉಣಿಸಿದವಳು ನನ್ನ ಹೆಂಡತಿ. ವಾರಕ್ಕೊಮ್ಮೆ ರಾಣೆಬೆನ್ನೂರಿನಿಂದ ನರ್ಸಬಾಯಿ ಬಂದು ನೋಡಿ ಹೋಗುತ್ತಿದ್ದಳು.

ಒಂದು ಸಲ ಅವಳು, “ಅಜ್ಜಾರ, ಸ್ವಲ್ಪ ಹೊರಗ ಕುಂದರ್ರಿ, ಅಮ್ಮಾರ ಕೂಡ ಮಾತಾಡೋದೈತಿ” ಅಂದಳು. ನಾನು ಏಳಲಿಲ್ಲ. ಆಗ ನನ್ನೆದುರಿಗೇ, “ಅಮ್ಮಾರ, ಜೀವಾ ಬ್ಯಾಸರ ಅನಸತೈತೇನ್ರಿ?” ಎಂದು ಅಕ್ಕನನ್ನು ಕೇಳಿದಳು. ಅಕ್ಕ ಬಾಯಿ ತೆರೆಯುವ ಮೊದಲೇ ನಾನು, “ಬ್ಯಾಸರ ಯಾಕವ್ವಾ? ಕುಂತಲ್ಲೇ ತಾಟ ಬರತೈತಿ. ಮಹಾರಾಣಿ ಆಗ್ಯಾಳ” ಅಂದೆ. ಅಕ್ಕ ಬಲಗೈಯನ್ನು ಎಡಗೈಯಿಂದ ಎತ್ತಿ ಸೆರಗಿನೊಳಗೆ ಇಟ್ಟುಕೊಂಡಳು.

ದಸರೆಯ ಸಂಜೆ ಅವಳಿಗೆ ಬನ್ನಿ ಕೊಡಲು ಹೋದೆ. ನಮ್ಮಲ್ಲಿ ಸಣ್ಣವರು ದೊಡ್ಡವರಿಗೆ ಬನ್ನಿ ಎಲೆ ಕೊಟ್ಟು ಕಾಲು ಮುಟ್ಟುವುದು ಪದ್ಧತಿ. ಅಕ್ಕ ಆ ಎಲೆಯನ್ನು ತಿರುಗಿ ನನ್ನ ಅಂಗೈಯಲ್ಲೇ ಇಟ್ಟು, ಆ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. “ತಪ್ಪಾಗಿದ್ರ ಹೊಟ್ಟ್ಯಾಗ ಹಾಕ್ಕೊ ತಮ್ಮಾ. ನಿಮಗ ಭಾಳ ತ್ರಾಸ ಕೊಟ್ಟೆ.”

“ಏನಬೇ, ನಾನ ದೊಡ್ಡಾವ ಆದ್ನೇನು?” ಎಂದು ನಕ್ಕೆ.

ಹೆಂಡತಿ ನಗಲಿಲ್ಲ. ನನ್ನನ್ನು ಅಡುಗೆಮನೆಗೆ ಕರೆದು, “ಅಕ್ಕಾರ ಮಾತು ಹೋಗಿಬರ್ತೀನಿ ಅಂದಂಗ ಇತ್ರಿ. ಲಗೂ ನರ್ಸಬಾಯಿಗೆ ಫೋನ್ ಹಚ್ಚರಿ” ಅಂದಳು.

“ನಿನಗ ಚಾಕರಿ ಬ್ಯಾಸರಾಗೇತಿ. ಆಕೀನ ದವಾಖಾನಿಗೆ ಸಾಗಹಾಕಬೇಕಂತಿ. ಹಬ್ಬದ ದಿನಾ ಅಪಶಕುನ ಆಡಬ್ಯಾಡ.”

ನಾನು ಫೋನ್ ಹಚ್ಚಲಿಲ್ಲ. ಮರುದಿನ ಅಕ್ಕ ತನ್ನ ಜೀವ ತಾನೇ ಕಳೆದುಕೊಂಡಳು.

ಮಣ್ಣಿಗೆ ಬಂದವರು, “ತಮ್ಮನ ಹೆಂಡ್ತಿ ಏನಂದಿದ್ಲೋ ಯಾರಿಗ್ಗೊತ್ತು” ಎಂದು ಅವಳಿಗೆ ಕೇಳುವಂತೆಯೇ ಅಂದರು. ಅವಳು ನನ್ನ ಮುಖ ನೋಡಿದಳು. ಅವಳು ಎಚ್ಚರಿಸಿದ್ದಳು, ಕೇಳದವನು ನಾನು ಎಂದು ಬಾಯಿ ಬಿಟ್ಟು ಹೇಳಿದ್ದರೆ ಸಾಕಿತ್ತು. ತಲೆ ತಗ್ಗಿಸಿ ಕುಳಿತೆ. ಜನ ಅದನ್ನೇ ಹೌದು ಎಂದು ತಿಳಿದರು. ಬಾಣಂತನಕ್ಕೆ, ಮುದುಕರ ಸೇವೆಗೆ ಅವಳನ್ನು ಕರೆಯುತ್ತಿದ್ದ ಓಣಿಯವರು ಆಮೇಲೆ ಕರೆಯುವುದನ್ನೇ ಬಿಟ್ಟರು.

ಅಕ್ಕನ ಫೋಟೋದ ಮುಂದೆ ಎಷ್ಟೋ ಸಲ ತಪ್ಪಾಯಿತು ಎಂದಿದ್ದೇನೆ. ಫೋಟೋ ತಿರುಗಿ ಏನೂ ಕೇಳುವುದಿಲ್ಲ. ಕೇಳಬಲ್ಲವಳು ಪ್ರತಿ ದಸರೆಗೆ ಬನ್ನಿ ಕೊಟ್ಟು ನನ್ನ ಕಾಲು ಮುಟ್ಟುತ್ತಾಳೆ. ಆ ಎಲೆಯನ್ನು ಅವಳ ಅಂಗೈಯಲ್ಲಿಟ್ಟು ಅಕ್ಕ ಅಂದ ಮಾತನ್ನೇ ಅನ್ನಬೇಕು ಎಂದುಕೊಳ್ಳುತ್ತೇನೆ. ಕೈ ಮುಂದೆ ಬರುವುದಿಲ್ಲ. ಇವತ್ತಿನವರೆಗೂ ಅಂದಿಲ್ಲ, ನನ್ನ ಹೆಂಡತಿಗೆ.